ನಾಲ್ಕು ಇಂಚಿನ ರಿಯಾಯಿತಿ

ಚೆಂಡು ಎಲ್ಲಿ ಬಿತ್ತೋ ಅಲ್ಲಿಂದಲೇ ಹೊಡೆಯಬೇಕು ಎನ್ನುವ ಕಟ್ಟುನಿಟ್ಟಿನ ಆಟ ಗಾಲ್ಫ್. ಹುಲ್ಲಾಗಲಿ, ಮರಳಾಗಲಿ, ಕೆಸರಾಗಲಿ, ಕೈಯಿಂದ ಎತ್ತುವಂತಿಲ್ಲ. ಆದರೆ ಚೆಂಡು ಸೇರಬೇಕಾದ ಪ್ರತಿ ಕುಳಿಯ ಮೊದಲ ಹೊಡೆತಕ್ಕೆ ಮಾತ್ರ ಒಂದು ಸಡಿಲಿಕೆ: ಪುಟ್ಟ ಗೂಟ ನೆಟ್ಟು ಅದರ ಮೇಲೆ ಚೆಂಡು ಕೂರಿಸಬಹುದು. ಚೆಂಡು ನೆಲದಿಂದ ಎಷ್ಟು ಎತ್ತರ ಕೂರಬೇಕು ಎಂಬ ತಕರಾರಿಗೆ ಮಾತ್ರ ಶತಮಾನಗಳ ವಯಸ್ಸು!

ಈ ಆಟ ನಮ್ಮ ಕಡೆ ಸುದ್ದಿಯಾದದ್ದು ಮಾತ್ರ ಗೂಟದಿಂದಲ್ಲ. ಬೆಳಗಾವಿಯ ಗಾಲ್ಫ್ ಮೈದಾನಕ್ಕೆ ಆನೆಗಳು ಇಳಿದದ್ದು 2022ರ ಆಗಸ್ಟ್‌ನಲ್ಲಿ. ಶಿವಮೊಗ್ಗದ ಸಕ್ರೆಬೈಲು ಬಿಡಾರದಿಂದ ಬಂದ ಅರ್ಜುನ ಮತ್ತು ಆಲೆ, ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಪೊದೆ ತುಳಿಯುತ್ತ ಹೊರಟಿದ್ದವು. ಅವುಗಳ ಜೊತೆಗೆ ಅರಣ್ಯ ಇಲಾಖೆಯ ಸಿಬ್ಬಂದಿ, ಅರಿವಳಿಕೆ ಮದ್ದಿನ ಬಂದೂಕು, ಬಲೆ, ಬೋನು. ಮೇಲೆ ಗುಂಯ್‌ಗುಡುವ ಡ್ರೋನು.

ಆ ತಿಂಗಳ 5ರಂದು ಜಾಧವ ನಗರದಲ್ಲಿ ಕಟ್ಟಡ ಕಾರ್ಮಿಕರೊಬ್ಬರ ಮೇಲೆ ಎರಗಿದ ಚಿರತೆ ಗಾಲ್ಫ್ ಮೈದಾನ ಸೇರಿಕೊಂಡಿತ್ತು. ಸುತ್ತಮುತ್ತಲಿನ 22 ಶಾಲೆಗಳು ಬಾಗಿಲು ಹಾಕಿದವು. ಟಿ.ವಿ. ವಾಹಿನಿಗಳು ಗೇಟಿನ ಮುಂದೆ ಬಿಡಾರ ಹೂಡಿದವು. ವಾರಗಟ್ಟಲೆ ಹುಡುಕಿದರೂ ಚಿರತೆ ಬೋನಿಗೆ ಬೀಳಲಿಲ್ಲ.

ಜಿಲ್ಲೆಯ ಮೂಲೆಮೂಲೆಗೆ ‘ಗಾಲ್ಫ್’ ಎಂಬ ಶಬ್ದ ತಲುಪಿದ್ದು ಹೀಗೆ, ಚಿರತೆಯ ಬೆನ್ನೇರಿ. ರಾಯಬಾಗ ತಾಲ್ಲೂಕಿನ ಪಾಲಬಾವಿಯ ಚಹಾದ ಅಂಗಡಿಯಲ್ಲೂ ಅದೇ ಮಾತು. ‘ಕಬ್ಬಿನ್ಯಾಗ ಚಿರತಿ ಅಡಗತೈತಿ ಅಂದ್ರ ನಂಬೂಣು. ಚೆಂಡಾಡೂ ಬಯಲಿನ್ಯಾಗ ಹ್ಯಾಂಗ ಅಡಗತೈತ್ರೀ?’ ಎಂದವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಈ ಕಡೆಯವರಿಗೆ ಮೈದಾನ ಎಂದರೆ ಶಾಲೆಯ ಮುಂದಿನ ಬೋಳು ಬಯಲು. ಕಬಡ್ಡಿ, ಖೋ ಖೋ, ಕ್ರಿಕೆಟ್ಟು, ಬೇಸಿಗೆಯಲ್ಲಿ ಚಿಣಿಫಣಿ, ಅಂದರೆ ಚಿನ್ನಿದಾಂಡು. ನೂರಾರು ಎಕರೆಯಲ್ಲಿ ಮರ, ಪೊದೆ, ದಿಬ್ಬ, ಹಳ್ಳಗಳನ್ನೆಲ್ಲ ಹಾಗೇ ಉಳಿಸಿಕೊಂಡು, ಅವುಗಳನ್ನು ತಪ್ಪಿಸುತ್ತ ಚೆಂಡು ಹೊಡೆಯುವುದೇ ಆಟ ಎಂದು ಹೇಳಿದರೆ, ‘ಹಂಗಾರ ಅದು ಹೊಲನss ಬಿಡ್ರಿ’ ಎಂದಾರು.

ಚಿರತೆಯ ಸುದ್ದಿ ತಣ್ಣಗಾಯಿತು. ಆಟದ ಬಗ್ಗೆ ಹುಟ್ಟಿದ ಕುತೂಹಲ ಅಲ್ಲಲ್ಲಿ ಉಳಿಯಿತು. ಅದನ್ನು ತಣಿಸಲು ನನಗೆ ಸಿಕ್ಕ ಅತಿ ಸಣ್ಣ ದಾರಿ ಎಂದರೆ, ಈ ಆಟದ ಅತಿ ಸಣ್ಣ ಸಲಕರಣೆಯಿಂದಲೇ ಶುರು ಮಾಡುವುದು. ಅದರ ಹೆಸರು ಟೀ.

ಗೂಟ ನೋಡಿ, ಗೂಟ

ಅಂಗೈ ಮೇಲೆ ಒಂದು ಟೀ ಇಟ್ಟುಕೊಂಡು ನೋಡಿ. ಸಾಮಾನ್ಯವಾದದ್ದು ಎರಡೂಮುಕ್ಕಾಲು ಇಂಚು ಉದ್ದ, ಅಂದರೆ 70 ಮಿಲಿಮೀಟರ್. ಪೆನ್ಸಿಲ್ಲಿಗಿಂತ ಸಪೂರ. ಒಂದು ತುದಿ ಮೊನಚು. ಇನ್ನೊಂದು ತುದಿ ಮೇಲೇರುತ್ತ ಅಗಲವಾಗಿ, ನಡುವೆ ಸಣ್ಣ ಬಟ್ಟಲಿನಂತೆ ತಗ್ಗಾಗಿರುತ್ತದೆ. ಹೆಚ್ಚಿನವು ಬರ್ಚ್ ಮರದ್ದು; ಈಚೆಗೆ ಬಿದಿರಿನದು, ಪ್ಲಾಸ್ಟಿಕ್ಕಿನದೂ ಬಂದಿವೆ. ಬಟ್ಟಲಿನ ಮೇಲೆ ಕೂರುವ ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ, ತೂಕ 45.93 ಗ್ರಾಂ ಮೀರುವಂತಿಲ್ಲ.

ನೆಡುವ ರೀತಿಯೇ ಒಂದು ಸೊಗಸು. ಬಲ್ಲವರು ಗೂಟವನ್ನು ಮೊದಲು ಚುಚ್ಚಿ ಆಮೇಲೆ ಚೆಂಡು ಇಡುವುದಿಲ್ಲ. ಚೆಂಡನ್ನು ಅಂಗೈಯಲ್ಲಿ ಹಿಡಿದು, ಗೂಟವನ್ನು ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ನೆಲಕ್ಕೆ ಒತ್ತುತ್ತಾರೆ. ಗೂಟವನ್ನು ಒಳಗೆ ತಳ್ಳುವುದು ಚೆಂಡೇ. ಬೆರಳು ನೆಲಕ್ಕೆ ತಾಗಿದಾಗ ಎತ್ತರ ಎಷ್ಟಾಯಿತು ಎಂದು ಗೊತ್ತಾಗುತ್ತದೆ. ಡ್ರೈವರ್ ಎಂಬ ಉದ್ದನೆಯ ಕೋಲಿಗೆ ಒಂದು ಎತ್ತರ, ಕಬ್ಬಿಣದ ಕೋಲಿಗೆ ಇನ್ನೊಂದು. ಅಳತೆಪಟ್ಟಿ ಬೇಡ, ಬೆರಳೇ ಸಾಕು.

ಆದರೆ ಆ ಬೆರಳಿನ ಲೆಕ್ಕ ಎಲ್ಲ ಕಡೆಯೂ ನಡೆಯುವುದಿಲ್ಲ. ಬೆಳಗಾವಿಯ ಜಂಬಿಟ್ಟಿಗೆಯ ಕೆಮ್ಮಣ್ಣು ಏಪ್ರಿಲ್‌ನಲ್ಲಿ ಗೂಟದ ಮೊನೆಯನ್ನೇ ಮುರಿಯಬಲ್ಲದು. ಪಾಲಬಾವಿಯ ಕಡೆ ಸಿಗುವ ಎರೆ ಮಣ್ಣಿನದು ಬೇರೆಯದೇ ಸ್ವಭಾವ. ಮಳೆಗಾಲದಲ್ಲಿ ಗೂಟ ತಾನಾಗಿಯೇ ಒಳಗೆ ಜಾರೀತು. ಬೇಸಿಗೆಯಲ್ಲಿ ಬಿರುಕಿನೊಳಗೆ ಕೈಬಿಟ್ಟರೆ ಮತ್ತೆ ಸಿಗಲಿಕ್ಕಿಲ್ಲ. ಇನ್ನು ಅಭ್ಯಾಸ ಮಾಡುವ ಕಡೆ ನೆಲವೇ ಇರುವುದಿಲ್ಲ, ಸಿಮೆಂಟಿನ ಮೇಲೆ ಹಾಸಿದ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಇರುತ್ತದೆ. ಎತ್ತರ ಹೊಂದಿಸಿಕೊಳ್ಳುವ ಟೀ ಹುಟ್ಟಿದ್ದು ಇಂಥ ತೊಂದರೆಗಳಿಂದಲೇ.

ನೆಲದಿಂದ ಮೇಲೇಕೆ?

ಚಿಣಿಫಣಿ ಆಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಚಿಣಿಯನ್ನು ನೆಲಕ್ಕೆ ಅಂಟಿಸಿ ಇಟ್ಟರೆ ಫಣಿ ಅದರ ಕೆಳಗೆ ಹೋಗುವುದೇ ಇಲ್ಲ. ಅದಕ್ಕೇ ಸಣ್ಣ ತಗ್ಗು ತೋಡಿ, ಅದರ ಮೇಲೆ ಚಿಣಿಯನ್ನು ಅಡ್ಡ ಇಟ್ಟು, ಕೆಳಗಿನಿಂದ ಚಿಮ್ಮುವುದು. ಗಾಲ್ಫಿನವರು ತಗ್ಗು ತೋಡುವ ಬದಲು ದಿಬ್ಬ ಮಾಡಿದರು, ಅಷ್ಟೇ.

ಡ್ರೈವರ್ ಕೋಲು ಉಳಿದ ಕೋಲುಗಳಂತಲ್ಲ. ಕಬ್ಬಿಣದ ಕೋಲುಗಳು ಚೆಂಡನ್ನು ಇಳಿಮುಖವಾಗಿ ಬಡಿಯುತ್ತವೆ. ಡ್ರೈವರ್ ಮಾತ್ರ ಕೆಳಗಿಳಿದು, ಅತಿ ತಗ್ಗಿನ ಬಿಂದು ದಾಟಿ, ಮೇಲೇಳುವ ಹೊತ್ತಿನಲ್ಲಿ ಚೆಂಡಿಗೆ ತಾಗಬೇಕು. ಹಾಗೆ ತಾಗಿದರೆ ಚೆಂಡಿನ ಹಿಮ್ಮುಖ ತಿರುಗು ಕಡಿಮೆಯಾಗಿ, ಅದು ಗಾಳಿಯಲ್ಲಿ ಸುಮ್ಮನೆ ಮೇಲೇರುವ ಬದಲು ಮುಂದಕ್ಕೆ ಹೋಗುತ್ತದೆ. ನೆಲದ ಮೇಲೆ ಕೂತ ಚೆಂಡಿಗೆ ಇದು ಅಸಾಧ್ಯ. ಕೋಲು ಮೇಲೇಳುವಷ್ಟರಲ್ಲಿ ಮಣ್ಣು ಬಗೆದಿರುತ್ತದೆ.

ತೀರ ಎತ್ತರ ಮಾಡಿದರೂ ಕಷ್ಟ. ಕೋಲಿನ ನೆತ್ತಿ ಚೆಂಡಿನ ಕೆಳಗೆ ನುಸುಳಿ, ಚೆಂಡು ಆಕಾಶ ನೋಡುತ್ತ ನೆಟ್ಟಗೆ ಮೇಲೆ ಹೋಗಿ, ಹೊಡೆದವರ ಮುಂದೆಯೇ ಬೀಳುತ್ತದೆ. ಡ್ರೈವರಿನ ನೆತ್ತಿಯ ಮೇಲೆ ಬಿಳಿ ಗೀರು ಬಿದ್ದಿದ್ದರೆ ಅದರ ಯಜಮಾನ ಟೀ ಎತ್ತರದಲ್ಲಿ ಎಡವುತ್ತಾನೆ ಎಂದೇ ಅರ್ಥ.

ಮುಷ್ಟಿ ಮರಳಿನ ಕಾಲ

ಆಟದ ಅತಿ ಹಳೆಯ ಲಿಖಿತ ನಿಯಮಗಳು 1744ರವು, ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಬರೆದವು. ಒಟ್ಟು 13. ಅವುಗಳಲ್ಲಿ ಮೊದಲ ಎರಡೂ ಟೀ ಬಗ್ಗೆಯೇ ಇವೆ ಎಂಬುದು ಗಮನಿಸಬೇಕಾದ ಸಂಗತಿ. ಹಿಂದಿನ ಕುಳಿಯಿಂದ ಒಂದು ಕೋಲಿನ ದೂರದೊಳಗೇ ಟೀ ಮಾಡಬೇಕು ಎನ್ನುತ್ತದೆ ಮೊದಲನೆಯದು. ಟೀ ನೆಲದ ಮೇಲೇ ಇರಬೇಕು ಎನ್ನುತ್ತದೆ ಎರಡನೆಯದು. ಯಾರೋ ಒಬ್ಬ ಮಹಾಶಯ ನೆಲ ಬಿಟ್ಟು ಬೇರೆಲ್ಲೋ ಚೆಂಡಿಟ್ಟು ಹೊಡೆಯಲು ಹೋಗಿರಬೇಕು, ಇಲ್ಲದಿದ್ದರೆ ಇಂಥ ನಿಯಮ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ ಎಂದು ನನ್ನ ಅನುಮಾನ.

ಆಗ ಗೂಟವಿರಲಿಲ್ಲ. ಕುಳಿಯೊಳಗೆ ಕೈ ಹಾಕಿ ಒಂದು ಹಿಡಿ ಮರಳು ತೆಗೆದು, ಪಕ್ಕದಲ್ಲೇ ಗುಪ್ಪೆ ಮಾಡಿ, ಅದರ ಮೇಲೆ ಚೆಂಡು ಇಡುತ್ತಿದ್ದರು. ಪ್ರತಿ ಆಟಗಾರನೂ ಹೀಗೆ ಬಗೆದರೆ ಕುಳಿ ದಿನದಿಂದ ದಿನಕ್ಕೆ ಆಳವಾಗದೆ ಇದ್ದೀತೆ? ಮುಂದೆ ಆಟ ಶುರು ಮಾಡುವ ಜಾಗವನ್ನೇ ಬೇರೆ ಮಾಡಿದರು. ಅಲ್ಲೊಂದು ಮರದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಮರಳು, ಪಕ್ಕದಲ್ಲಿ ನೀರು. ಮರಳು ನೆನೆಸಿ, ಕೈಯಿಂದ ಇಲ್ಲವೇ ಲೋಹದ ಅಚ್ಚಿನಿಂದ ಪುಟ್ಟ ಗೋಪುರ ಮಾಡಬೇಕು. ಪ್ರತಿ ಕುಳಿಗೂ ಹೊಸದು.

ಒಂದು ರೀತಿಯಲ್ಲಿ, ಎತ್ತರ ಹೊಂದಿಸಿಕೊಳ್ಳುವ ಮೊದಲ ಟೀ ಇದೇ. ಎಷ್ಟು ಬೇಕೋ ಅಷ್ಟೇ ಮರಳು. ಆದರೆ ಕೈ ಕೆಸರು ಮಾಡಿಕೊಳ್ಳುವವರು ಯಾರು? ಆಡುವ ಸಾಹೇಬರಲ್ಲ, ಅವರ ಕೋಲುಗಳ ಚೀಲ ಹೊರುವ ಕ್ಯಾಡಿ. ಸಾಹೇಬರಿಗೆ ಎಷ್ಟು ಎತ್ತರ ಇಷ್ಟ ಎಂಬುದನ್ನು ಕಲಿಯುವುದೂ ಅವನ ಕೆಲಸದ ಭಾಗವೇ ಆಗಿತ್ತು.

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಹೈಗ್ರೌಂಡ್ಸ್‌ನಲ್ಲಿ ಅದು ಇಂದಿಗೂ ಇದೆ. ಬ್ರಿಟನ್ನಿನ ಹೊರಗೆ ಅತಿ ಹಳೆಯ ಕ್ಲಬ್ಬುಗಳಲ್ಲಿ ಒಂದು. ಇಸವಿಯನ್ನು ಮತ್ತೊಮ್ಮೆ ನೋಡಿ. ಗೂಟದ ಟೀ ಇನ್ನೂ ಹುಟ್ಟಿರಲೇ ಇಲ್ಲ.

ಇಬ್ಬರು ದಂತವೈದ್ಯರು

1889ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಬ್ಲಾಕ್ಸಮ್ ಮತ್ತು ಆರ್ಥರ್ ಡಗ್ಲಸ್ ಒಂದು ಪೇಟೆಂಟ್ ಪಡೆದರು. ರಬ್ಬರಿನ ಸಣ್ಣ ಹಲಗೆ, ಮೇಲೆ ಚೆಂಡು ಹಿಡಿಯಲು ರಬ್ಬರಿನದೇ ಮೂರು ಕಡ್ಡಿ. ನೆಲಕ್ಕೆ ಚುಚ್ಚುವ ಹಾಗಿಲ್ಲ, ಸುಮ್ಮನೆ ಇಡಬೇಕು. 1892ರಲ್ಲಿ ಪರ್ಸಿ ಎಲಿಸ್ ‘ಪರ್ಫೆಕ್ಟಮ್’ ಎಂಬ ಹೆಸರಿನಲ್ಲಿ ಅದಕ್ಕೆ ಮೊಳೆ ಸೇರಿಸಿ ನೆಲಕ್ಕೆ ನೆಡುವಂತೆ ಮಾಡಿದರು. ಎರಡೂ ಅಷ್ಟಾಗಿ ಓಡಲಿಲ್ಲ. ಮರಳು ಪುಕ್ಕಟೆ, ಅದನ್ನು ಕಲಸುವ ಹುಡುಗನಿಗೆ ಕೊಡುವುದು ಬಿಡಿಗಾಸು. ದುಡ್ಡು ಕೊಟ್ಟು ರಬ್ಬರ್ ಕೊಳ್ಳುವುದು ಯಾರಿಗೆ ಬೇಕಿತ್ತು?

ನಿಜವಾದ ಕತೆ ಶುರುವಾಗುವುದು ಅಮೆರಿಕದ ಬಾಸ್ಟನ್ ಹತ್ತಿರ. ಡಾ. ಜಾರ್ಜ್ ಫ್ರಾಂಕ್ಲಿನ್ ಗ್ರಾಂಟ್ ದಂತವೈದ್ಯರು. ಒಮ್ಮೆ ಗುಲಾಮರಾಗಿದ್ದ ತಂದೆತಾಯಿಯ ಮಗ. 1870ರಲ್ಲಿ ಹಾರ್ವರ್ಡ್‌ನಿಂದ ಪದವಿ ಪಡೆದು, ಮುಂದೆ ಅಲ್ಲಿಯೇ ಕಲಿಸಿದ ಮೊದಲ ಕಪ್ಪು ಅಧ್ಯಾಪಕರಾದವರು. ಸೀಳು ಅಂಗುಳ ಇರುವವರಿಗೆ ಕೃತಕ ಅಂಗುಳ ಕೂರಿಸುವುದರಲ್ಲಿ ಪಳಗಿದ ಕೈ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರೂ ಅವರ ಬಳಿ ಚಿಕಿತ್ಸೆಗೆ ಬರುತ್ತಿದ್ದರು.

ಗ್ರಾಂಟ್‌ಗೆ ಗಾಲ್ಫ್ ಹುಚ್ಚು, ಮರಳು ಕಲಸುವುದೆಂದರೆ ಅಸಹ್ಯ. ಮನೆಯ ಪಕ್ಕದ ಹುಲ್ಲುಗಾವಲಿನಲ್ಲಿ ಆಡುತ್ತಿದ್ದಾಗ, ಹಲ್ಲಿನ ಅಚ್ಚು ತಿದ್ದಿ ತಿದ್ದಿ ರೂಢಿಯಾದ ಕೈ ಬೇರೊಂದು ಉಪಾಯ ಹುಡುಕಿತು. ಕೆಳಗೆ ಮೊನಚಾದ ಮರದ ಗೂಟ, ಅದರ ತಲೆಗೆ ರಬ್ಬರಿನ ಕೊಳವೆ. ಚೆಂಡು ಕೂರುವುದು ಕೊಳವೆಯ ಬಾಯಿಯ ಮೇಲೆ. ಕೋಲು ತಾಗಿದರೆ ರಬ್ಬರು ಬಾಗುತ್ತದೆ, ಗೂಟ ಮುರಿಯುವುದಿಲ್ಲ. 1899ರ ಡಿಸೆಂಬರ್ 12ರಂದು ಅವರಿಗೆ ಪೇಟೆಂಟ್ ಸಿಕ್ಕಿತು. ಸಂಖ್ಯೆ 638,920.

ಅವರು ಮಾಡಿಸಿದ ಟೀಗಳಲ್ಲಿ ಒಂದನ್ನೂ ಮಾರಲಿಲ್ಲ. ಗೆಳೆಯರಿಗೆ ಹಂಚಿದರು, ಜೇಬಿನಲ್ಲಿ ಇಟ್ಟುಕೊಂಡರು, ಆಡಿದರು. 1910ರಲ್ಲಿ ತೀರಿಕೊಂಡರು. ಅಮೆರಿಕದ ಗಾಲ್ಫ್ ಸಂಸ್ಥೆ ಅವರ ಕೊಡುಗೆಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1991ರಲ್ಲಿ.

ನಡುವಿನ ಅಷ್ಟೂ ವರ್ಷ ಟೀ ಕಂಡುಹಿಡಿದ ಕೀರ್ತಿ ಇನ್ನೊಬ್ಬರ ಪಾಲಾಗಿತ್ತು. ಅವರೂ ದಂತವೈದ್ಯರೇ, ನ್ಯೂಜೆರ್ಸಿಯ ಡಾ. ವಿಲಿಯಂ ಲೋವೆಲ್. 1920ರ ದಶಕದ ಆರಂಭದಲ್ಲಿ ಅವರು ಕೆತ್ತಿದ ಮರದ ಟೀ, ಇಂದು ನಾವು ನೋಡುವ ಬಟ್ಟಲು ತಲೆಯ ಗೂಟವೇ. ಮೊದಲು ಹಸಿರು ಬಣ್ಣ ಬಳಿದರು, ಹುಲ್ಲಿನಲ್ಲಿ ಕಾಣಿಸಲಿಲ್ಲ. ಕೆಂಪು ಬಳಿದರು, ‘ರೆಡ್ಡಿ ಟೀ’ ಎಂದು ಹೆಸರಿಟ್ಟರು. ಕ್ಲಬ್ಬಿನ ಹಿರಿಯರು ನಕ್ಕರು.

ಗ್ರಾಂಟ್ ಮಾಡದೇ ಬಿಟ್ಟ ಕೆಲಸವನ್ನು ಲೋವೆಲ್ ಮಾಡಿದರು. 1922ರಲ್ಲಿ, ಆ ಕಾಲದ ದೊಡ್ಡ ಆಟಗಾರ ವಾಲ್ಟರ್ ಹೇಗನ್ ಮತ್ತು ಕೈಚಳಕದ ಹೊಡೆತಗಳಿಗೆ ಹೆಸರಾದ ಜೋ ಕರ್ಕ್‌ವುಡ್ ಅವರಿಗೆ, ಊರೂರು ಪ್ರದರ್ಶನ ಪಂದ್ಯಗಳಲ್ಲಿ ಈ ಕೆಂಪು ಗೂಟ ಬಳಸುವಂತೆ ದುಡ್ಡು ಕೊಟ್ಟರು. ಹೇಗನ್ ಹೊಡೆದು ಮುಂದೆ ಹೋದ ಕೂಡಲೇ ಅವನು ಬಿಟ್ಟ ಗೂಟ ಹೆಕ್ಕಲು ಹುಡುಗರು ನುಗ್ಗುತ್ತಿದ್ದರು. ಮರಳಿನ ಪೆಟ್ಟಿಗೆಗಳು ಒಂದೊಂದಾಗಿ ಖಾಲಿಯಾದವು. ಇಂಥ ಗೂಟ ನಕಲು ಮಾಡಲು ಎಷ್ಟು ಹೊತ್ತು ಬೇಕು? ಹತ್ತಾರು ಕಂಪನಿಗಳು ಕೈ ಹಾಕಿದವು. ಲೋವೆಲ್ ಗಳಿಸಿದ್ದರಲ್ಲಿ ಬಹುಪಾಲು ಕೋರ್ಟು ಕಚೇರಿಗೆ ಸುರಿದರು.

ಇಬ್ಬರ ಪೈಕಿ ಯಾರ ಪಕ್ಷ ಎಂದು ಯಾರಾದರೂ ಕೇಳಿದರೆ, ನಾನು ಗ್ರಾಂಟ್ ಕಡೆ. ಅವರ ರಬ್ಬರ್ ಕೊಳವೆಯ ಉಪಾಯ ಇಂದಿನ ಅಭ್ಯಾಸದ ಚಾಪೆಗಳಲ್ಲಿ ಇನ್ನೂ ಬದುಕಿದೆ. ಅದನ್ನು ಮುಂದೆ ನೋಡೋಣ.

---

ಬಾಕ್ಸ್: ಕಾಯಿದೆ ಏನನ್ನುತ್ತದೆ?

ಟೀ ಉದ್ದ 4 ಇಂಚು (101.6 ಮಿ.ಮೀ.) ಮೀರಬಾರದು.

ಹೊಡೆಯಬೇಕಾದ ದಿಕ್ಕನ್ನು ಅದು ತೋರಿಸಬಾರದು. ಚೆಂಡಿನ ಚಲನೆಯ ಮೇಲೆ ಅತಿಯಾದ ಪ್ರಭಾವ ಬೀರುವಂತೆಯೂ ಇರಬಾರದು.

ನಿಯಮಕ್ಕೆ ಹೊಂದದ ಟೀ ಮೇಲಿಂದ ಹೊಡೆದರೆ, ಹೊಡೆತಗಳ ಲೆಕ್ಕದ ಆಟದಲ್ಲಿ 2 ಹೊಡೆತದ ದಂಡ. ಅದೇ ತಪ್ಪು ಮತ್ತೆ ಮಾಡಿದರೆ ಆಟದಿಂದಲೇ ಹೊರಗೆ.

ಹೊಡೆಯುವ ಮೊದಲೇ ಗಾಳಿಗೋ ಕೋಲು ತಾಗಿಯೋ ಚೆಂಡು ಟೀಯಿಂದ ಉರುಳಿದರೆ ದಂಡವಿಲ್ಲ, ಎತ್ತಿ ಇಟ್ಟುಕೊಳ್ಳಬಹುದು.

ಬೀಸಿದ ಕೋಲು ಚೆಂಡಿಗೆ ತಾಗಲೇ ಇಲ್ಲವೇ? ಅದೂ ಒಂದು ಹೊಡೆತವೇ. ಆದರೆ ಚೆಂಡು ಟೀ ಜಾಗದೊಳಗೇ ಇದ್ದರೆ ಮತ್ತೆ ಎತ್ತಿ, ಎತ್ತರ ಬದಲಿಸಿ ಇಡಲು 2019ರ ನಿಯಮಗಳು ಅವಕಾಶ ಕೊಡುತ್ತವೆ.

---

ಕೋಲು ದೊಡ್ಡದಾಯಿತು, ಗೂಟ ಬೆಳೆಯಿತು

ಲೋವೆಲ್ ಕಾಲದ ಡ್ರೈವರಿನ ತಲೆ ಮರದ್ದು, ಪುಟ್ಟದು. ಗಿಡ್ಡ ಗೂಟ ಸಾಕಿತ್ತು. 1970ರ ದಶಕದ ಕೊನೆಯಲ್ಲಿ ಉಕ್ಕಿನ ತಲೆಯ ಕೋಲು ಮಾರುಕಟ್ಟೆಗೆ ಬಂತು. ಅದರ ಬೆನ್ನಿಗೆ ಟೈಟೇನಿಯಂ. ಲೋಹದ ತಲೆ ಒಳಗೆ ಟೊಳ್ಳಾದ್ದರಿಂದ, ತೂಕ ಏರಿಸದೆ ಎಷ್ಟು ಬೇಕಾದರೂ ಉಬ್ಬಿಸಬಹುದಿತ್ತು. ಉಬ್ಬಿಸಿದರು. ಕೊನೆಗೆ ನಿಯಮ ಮಾಡುವವರು 460 ಘನ ಸೆಂಟಿಮೀಟರಿಗೆ ಗೆರೆ ಎಳೆಯಬೇಕಾಯಿತು.

ತಲೆಯ ಗಾತ್ರ ಏರಿದ ಹಾಗೆ ಚೆಂಡೂ ಏರಬೇಕಲ್ಲ. ಕೋಲನ್ನು ನೆಲಕ್ಕಿಟ್ಟಾಗ ಅದರ ನೆತ್ತಿಯ ಮೇಲೆ ಅರ್ಧ ಚೆಂಡು ಕಾಣಬೇಕು ಎಂಬುದು ಹೇಳಿಕೊಡುವವರೆಲ್ಲರ ಪಾಠ. ಎರಡೂಮುಕ್ಕಾಲು ಇಂಚಿನ ಗೂಟ ಸಾಲದಾಗಿ ಮೂರೂಕಾಲು ಇಂಚಿನದು ಬಂತು, ಆಮೇಲೆ ನಾಲ್ಕು ಇಂಚಿನದು. ಅಲ್ಲಿಗೆ ಕಾಯಿದೆ ಅಡ್ಡ ನಿಂತಿತು.

ಈಗ ಒಬ್ಬನೇ ಆಟಗಾರ ಒಂದೇ ಆಟದಲ್ಲಿ ಕನಿಷ್ಠ ಮೂರು ಎತ್ತರ ಬಳಸುತ್ತಾನೆ. ಡ್ರೈವರಿಗೆ ಎತ್ತರದ್ದು. ಮೂರನೇ ನಂಬರಿನ ವುಡ್ ಕೋಲಿಗೆ ಅದರ ಅರ್ಧಕ್ಕಿಂತ ಕಡಿಮೆ. ಹತ್ತಿರದ ಕುಳಿಗೆ ಕಬ್ಬಿಣದ ಕೋಲು ಹಿಡಿದರೆ, ಚೆಂಡು ಹುಲ್ಲಿನ ತುದಿಯ ಮೇಲೆ ಕೂತಂತೆ ಕಾಣಬೇಕು, ಕಾಲು ಇಂಚು ಮೀರಬಾರದು. ಪ್ರತಿಸಲ ಅದೇ ಎತ್ತರ ಸಿಗಬೇಕು ಎಂಬುದು ಇಲ್ಲಿನ ತಲೆನೋವು. ಹತ್ತು ಹೊಡೆತದಲ್ಲಿ ಹತ್ತು ಎತ್ತರವಾದರೆ ತಪ್ಪು ಕೈಯದೋ ಗೂಟದ್ದೋ ಎಂದು ತಿಳಿಯುವುದು ಹೇಗೆ?

ತಿರುಪಿದರೆ ಏರುವ ಗೂಟ

ಇದಕ್ಕೆ ಕಂಡುಕೊಂಡ ಉಪಾಯಗಳು ಒಂದೆರಡಲ್ಲ. ಅತಿ ಸರಳವಾದದ್ದು ಗೂಟದ ಮೇಲೆ ಬಣ್ಣದ ಗೆರೆ. ಗೆರೆ ನೆಲಕ್ಕೆ ಸಮ ಆಗುವವರೆಗೆ ಒತ್ತಿ. ಅದರ ಮುಂದಿನ ಹೆಜ್ಜೆ, ಕೋಟೆಯ ಬುರುಜಿನಂಥ ತಲೆಯ ಪ್ಲಾಸ್ಟಿಕ್ ಟೀ. ನಡುವೆ ಒಂದು ತಡೆ ಇರುತ್ತದೆ, ಅದಕ್ಕಿಂತ ಕೆಳಗೆ ಹೋಗದು. ಒಂದೊಂದು ಬಣ್ಣಕ್ಕೆ ಒಂದೊಂದು ಎತ್ತರ. ಎತ್ತರವೇನೋ ತಪ್ಪದು, ಆದರೆ ಅದನ್ನು ಬದಲಿಸಲೂ ಆಗದು. ನಾಲ್ಕು ಎತ್ತರ ಬೇಕಾದರೆ ನಾಲ್ಕು ಬಣ್ಣ ಜೇಬಿನಲ್ಲಿರಬೇಕು.

ಹೊಂದಿಸಿಕೊಳ್ಳುವ ಟೀ ಈ ಎರಡರ ಗುಣವನ್ನೂ ಒಂದರಲ್ಲೇ ತರಲು ನೋಡುತ್ತದೆ. ಕೆಲವದರಲ್ಲಿ ಕಾಂಡಕ್ಕೆ ತಿರುಪಿನ ಹಲ್ಲು ಕೊರೆದು, ತಲೆಯನ್ನು ತಿರುಗಿಸಿದಂತೆ ಏರಿಳಿಯುವಂತೆ ಮಾಡಿರುತ್ತಾರೆ. ಇನ್ನು ಕೆಲವದರಲ್ಲಿ ಕಾಂಡದ ಮೇಲೆ ಜಾರುವ ಬಳೆ. ಬೇಕಾದ ಕಡೆ ಬಿಗಿದರೆ ನೆಲದ ಮಟ್ಟದಲ್ಲಿ ಅದೇ ತಡೆಯಾಗುತ್ತದೆ. ಕೊಳವೆಯೊಳಗೊಂದು ಕೊಳವೆ ಜಾರುವ ಜಾತಿಯವೂ ಇವೆ.

ಇವನ್ನೆಲ್ಲ ನೋಡಿದಾಗ ನನಗನಿಸುವುದು ಇಷ್ಟು. ಮೆತ್ತನೆಯ ಹುಲ್ಲಿನ ಮೇಲೆ ಆಡುವವರಿಗೆ ತಿರುಪಿನ ಟೀ ಶೋಕಿಯ ವಸ್ತು. ಅವರಿಗೆ ನೆಲವೇ ತಿರುಪು. ಒತ್ತಿದಷ್ಟು ಒಳಗೆ ಹೋಗುತ್ತದೆ. ಅಲ್ಲದೆ ಜೋಡಿಸಿದ ಭಾಗ ಹೆಚ್ಚಿದಷ್ಟೂ ಮುರಿಯುವ ಜಾಗ ಹೆಚ್ಚು, ಹಾರಿ ಕಳೆದುಹೋದರೆ ದುಡ್ಡೂ ಹೆಚ್ಚು. ಆದರೆ ಮೊಳೆ ಇಳಿಯದ ಬೇಸಿಗೆಯ ನೆಲದಲ್ಲಿ, ಚಾಪೆಯ ಮೇಲೆ, ಮನೆಯ ಹಿತ್ತಲಲ್ಲಿ ಬಲೆ ಕಟ್ಟಿ ಕಲಿಯುವವರಿಗೆ ಇದು ನಿಜವಾಗಿ ಕೆಲಸಕ್ಕೆ ಬರುವ ವಸ್ತು. ಒಂದೇ ಎತ್ತರದಲ್ಲಿ ನೂರು ಸಲ ಹೊಡೆದು, ಅರ್ಧ ತಿರುಪು ಏರಿಸಿ ಮತ್ತೆ ಹೊಡೆದರೆ, ಬದಲಾದದ್ದು ಏನು ಎಂಬುದು ತಾನೇ ತಿಳಿಯುತ್ತದೆ.

ಡ್ರೈವಿಂಗ್ ರೇಂಜ್ ಎನ್ನುವ ಅಭ್ಯಾಸದ ಜಾಗದಲ್ಲಿ ಚಾಪೆಯ ತೂತಿನಿಂದ ಮೇಲೆ ಎದ್ದಿರುವುದು ರಬ್ಬರಿನ ಕೊಳವೆ. ಕೋಲು ತಾಗಿದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಡಾ. ಗ್ರಾಂಟ್ ಅದನ್ನು ನೋಡಿದ್ದರೆ ಕೂಡಲೇ ಗುರುತು ಹಿಡಿಯುತ್ತಿದ್ದರು. ದಕ್ಷಿಣ ಕೊರಿಯಾದವರು ಇನ್ನೂ ಮುಂದೆ ಹೋಗಿದ್ದಾರೆ. ಪರದೆಯ ಮುಂದೆ ನಿಂತು ಆಡುವ ಅವರ ಯಂತ್ರದಲ್ಲಿ ಗುಂಡಿ ಒತ್ತಿದರೆ ಟೀ ತಾನೇ ಏರಿಳಿದು, ನೆಲದಡಿಯಿಂದ ಚೆಂಡನ್ನೂ ಹೊತ್ತು ತರುತ್ತದೆ. ಬಗ್ಗುವ ಕೆಲಸವೂ ತಪ್ಪಿತು.

ಇಂಗ್ಲೆಂಡಿನ ಲಾರಾ ಡೇವಿಸ್ ಮಾತ್ರ ಇದ್ಯಾವುದರ ಗೊಡವೆಗೂ ಹೋಗದವರು. ಮಹಿಳಾ ಗಾಲ್ಫಿನ ದಿಗ್ಗಜೆ, ದೂರ ಹೊಡೆಯುವುದಕ್ಕೇ ಹೆಸರಾದವರು. ಕೋಲಿನಿಂದ ನೆಲಕ್ಕೊಂದು ಏಟು ಹಾಕಿ, ಎದ್ದ ಹುಲ್ಲು ಹೆಂಟೆಯ ಮೇಲೆ ಚೆಂಡಿಟ್ಟು ಹೊಡೆಯುವುದು ಅವರ ಪದ್ಧತಿ. ಮೈದಾನ ನೋಡಿಕೊಳ್ಳುವ ಮಾಲಿಗಳ ಹೊಟ್ಟೆ ಉರಿದೀತು, ಆದರೆ ನಿಯಮದ ಪ್ರಕಾರ ಅದು ಸರಿಯೇ.

ಎತ್ತರ ನಿನ್ನಿಷ್ಟ, ದಿಕ್ಕು ನಿನ್ನ ಪಾಡು

ಬಾಕ್ಸಿನಲ್ಲಿರುವ ಎರಡನೆಯ ನಿಯಮವನ್ನು ಇನ್ನೊಮ್ಮೆ ಓದಿ. ಟೀ ವಿಷಯದಲ್ಲಿ ಕಾಯಿದೆ ಬರೆಯುವವರ ತಲೆ ಹೇಗೆ ಓಡುತ್ತದೆ ಎಂಬುದು ಅಲ್ಲಿದೆ. ನಾಲ್ಕು ಇಂಚಿನೊಳಗೆ ಎಷ್ಟಾದರೂ ಏರಿಸಿಕೋ, ತಿರುಪು ಹಾಕು, ಬಳೆ ಹಾಕು, ಮರದ್ದೋ ರಬ್ಬರಿನದೋ ನಾವು ಕೇಳುವುದಿಲ್ಲ. ಆದರೆ ಎತ್ತ ಹೊಡೆಯಬೇಕು ಎಂದು ಗೂಟ ನಿನಗೆ ಹೇಳಿಕೊಡಬಾರದು.

ಹೀಗಾಗಿ ಹೊಸ ಟೀ ಮಾಡುವವರು ಸಿಕ್ಕಿಬೀಳುವುದು ಎತ್ತರದಲ್ಲಿ ಅಲ್ಲ, ದಿಕ್ಕಿನಲ್ಲಿ. ಟೀ ಕಳೆದುಹೋಗದಿರಲಿ ಎಂದು ದಾರದಲ್ಲಿ ಇನ್ನೊಂದು ಗೂಟಕ್ಕೆ ಕಟ್ಟುವ ರೂಢಿ ಹಳೆಯದು. ಆ ದಾರವನ್ನು ಗುರಿಯ ಕಡೆಗೆ ನೇರ ಎಳೆದು ಹಾಸಿದರೋ, ಅದು ದಿಕ್ಕು ತೋರಿಸಿದಂತೆ. ತಲೆಯ ಮೇಲೆ ಬಾಣದ ಗುರುತು, ಒಂದೇ ಬದಿಗೆ ಬಾಗಿದ ಆಸರೆ ಇಂಥವೆಲ್ಲ ಅಭ್ಯಾಸಕ್ಕೆ ಇರಲಿ, ಪಂದ್ಯಕ್ಕೆ ತರುವ ಮೊದಲು ಹತ್ತು ಸಲ ಯೋಚಿಸಬೇಕು. ಅಂಗಡಿಯ ಪೊಟ್ಟಣದ ಮೇಲೆ ‘ಅಭ್ಯಾಸಕ್ಕೂ ಆಟಕ್ಕೂ’ ಎಂದು ಬರೆದಿದ್ದರೆ ಸಾಲದು.

ಇಷ್ಟಕ್ಕೂ ಟೀ ಕೊಡುವ ಲಾಭ ಮೊದಲ ಹೊಡೆತಕ್ಕಷ್ಟೇ. 2021ರ ಆಗಸ್ಟ್ 7ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದದ್ದು ನೆನಪಿರಬಹುದು. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ಟೀಯಿಂದ ದೂರ ಹೊಡೆಯುವುದರಲ್ಲಿ ಅವರು ಅಲ್ಲಿದ್ದವರ ಪೈಕಿ ಕೊನೆಯ ಸಾಲಿನವರು. ಅದಕ್ಕೆ ಸ್ವಲ್ಪ ಮುಂಚೆ ಕೋವಿಡ್‌ನಿಂದ ಎದ್ದಿದ್ದರು ಬೇರೆ. ಚೀಲ ಹೊತ್ತಿದ್ದು ತಾಯಿ. ದೂರದಲ್ಲಿ ಕಳೆದುಕೊಂಡದ್ದನ್ನೆಲ್ಲ ಕುಳಿಯ ಹತ್ತಿರದ ನಾಜೂಕಿನ ಹೊಡೆತಗಳಲ್ಲಿ ದುಡಿದು ತಂದರು. ಅಲ್ಲಿ ಟೀ ಇಲ್ಲ, ಚೆಂಡು ನೆಲದ ಮೇಲೇ.

ಐದು ವರ್ಷ ದಾಟಿದ ಹುಡುಗಿ ಅದಿತಿ ಈ ಆಟಕ್ಕೆ ಬಿದ್ದದ್ದೂ ಟೀ ಸಾಲು ನೋಡಿಯೇ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಭ್ಯಾಸದ ಜಾಗ ಕಾಣುವ ಹೋಟೆಲಿಗೆ ಮನೆಯವರು ತಿಂಡಿಗೆ ಹೋಗುತ್ತಿದ್ದರಂತೆ. ಅಲ್ಲಿ ಚೆಂಡು ಹಾರುವುದನ್ನು ನೋಡಿ, ನಾವೂ ಹೊಡೆಯೋಣ ಎಂದು ಶುರುವಾದದ್ದು.

ಅದೇ ಬೆಂಗಳೂರಿನ ಸಿ. ಮುನಿಯಪ್ಪ ಈ ಜಗತ್ತಿಗೆ ಬಂದದ್ದು ಚೀಲದ ಕಡೆಯಿಂದ. ಕ್ಯಾಡಿಯಾಗಿದ್ದವರು ಆಟ ಕಲಿತು ವೃತ್ತಿಪರರಾಗಿ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಯಾವ ಸಾಹೇಬರಿಗೆ ಎಷ್ಟು ಎತ್ತರ ಎಂದು ಮರಳು ಗುಪ್ಪೆ ಮಾಡಿಕೊಡುತ್ತಿದ್ದವರ ವಂಶಾವಳಿಯಲ್ಲಿ ಒಬ್ಬರು ದೇಶದ ದೊಡ್ಡ ಟ್ರೋಫಿ ಎತ್ತಿದರು ಎಂದು ಹೇಳಲು ನನಗೆ ಸಂಕೋಚವಿಲ್ಲ.

---

ಬಾಕ್ಸ್: ಕಳೆಯೂ ಹೌದು, ಹಾಸೂ ಹೌದು

ಕಬ್ಬಿನ ಸಾಲಿನಲ್ಲಿ ಎಷ್ಟು ಕಿತ್ತರೂ ಮತ್ತೆ ಚಿಗುರುವ, ಗಣಪತಿಗೆ ಏರಿಸುವ ಕರಕಿಯೇ ಗಾಲ್ಫ್ ಲೋಕದ ‘ಬರ್ಮುಡಾ ಹುಲ್ಲು’. ಬಿಸಿಲ ನಾಡಿನ ಮೈದಾನಗಳಲ್ಲಿ ಇದೇ ಮುಖ್ಯ ಹುಲ್ಲು. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಕರಕಿಯನ್ನು ಅದರ ಆಫ್ರಿಕದ ದಾಯಾದಿಯ ಜೊತೆ ಕೂಡಿಸಿ ಬೆಳೆಸಿದ ನಯವಾದ ತಳಿಗಳು ಜಗತ್ತಿನಾದ್ಯಂತ ಹರಡಿವೆ. ಪಾಲಬಾವಿಯ ರೈತ ಕೂಲಿ ಕೊಟ್ಟು ಕೀಳಿಸುವುದನ್ನು ಕ್ಲಬ್ಬಿನವರು ಕೂಲಿ ಕೊಟ್ಟು ನೆಡಿಸುತ್ತಾರೆ.

---

ಬಿದಿರು ಮತ್ತು ಪೈಪಿನ ತುಂಡು

ಪಾಲಬಾವಿಯಲ್ಲಿ ಗಾಲ್ಫ್ ಮೈದಾನ ಆದೀತೇ? ಆಗಲಿಕ್ಕಿಲ್ಲ, ಆಗಬೇಕೆಂದೂ ನನಗೆ ಅನಿಸುವುದಿಲ್ಲ. 18 ಕುಳಿಗಳ ಮೈದಾನಕ್ಕೆ ನೂರು ಎಕರೆ ಮೀರಿದ ಜಾಗ ಬೇಕು. ಘಟಪ್ರಭಾ ಕಾಲುವೆಯ ನೀರಿಗೆ ಕಬ್ಬಿನವರ ನಡುವೆಯೇ ಜಗ್ಗಾಟ ಇರುವಾಗ ಅದನ್ನು ಕರಕಿಗೆ ಹರಿಸಿ ಎಂದರೆ ಯಾರು ಕೇಳಿಸಿಕೊಂಡಾರು?

ಆದರೆ ಹೊಡೆತ ಕಲಿಯಲು ಮೈದಾನ ಬೇಕಿಲ್ಲ. ಒಂದು ಗಟ್ಟಿ ಬಲೆ, ಒಂದು ಚಾಪೆ, ಯಾರೋ ಬಳಸಿ ಬಿಟ್ಟ ಒಂದು ಕೋಲು, ಒಂದು ಟೀ ಸಾಕು. ಬಿಡದಿ ಬಳಿಯ ಹಳ್ಳಿಯ ಚಿಕ್ಕರಂಗಪ್ಪ ಪಕ್ಕದ ಈಗಲ್‌ಟನ್ ಮೈದಾನದಲ್ಲಿ ಕಲಿತು ದೇಶದ ಮುಂಚೂಣಿ ವೃತ್ತಿಪರರಾದರು. ಮೈದಾನ ಪಕ್ಕದಲ್ಲಿಲ್ಲದ ಹುಡುಗರಿಗೆ ಬಲೆಯೇ ಗತಿ.

ಟೀಯನ್ನಂತೂ ಪೇಟೆಯಿಂದ ತರಿಸಬೇಕಾಗಿಲ್ಲ. ಬಲಿತ ಬಿದಿರಿನ ಸೀಳನ್ನು ಚಾಕುವಿನಿಂದ ಹೆರೆದರೆ ಬರ್ಚ್ ಮರಕ್ಕಿಂತ ಗಟ್ಟಿಯಾದ ಗೂಟ ಸಿಗುತ್ತದೆ. ತಲೆಗೆ ಬೇಕಾದ ಕೊಳವೆ ಹೊಲದಲ್ಲೇ ಬಿದ್ದಿದೆ. ಹನಿ ನೀರಾವರಿಯ 16 ಮಿ.ಮೀ. ಪೈಪಿನ ತುಂಡಿನ ಬಾಯಿಯ ಮೇಲೆ ಗಾಲ್ಫ್ ಚೆಂಡು ಅಲುಗದೆ ಕೂರುತ್ತದೆ. ಗೂಟವನ್ನು ಪೈಪಿನೊಳಗೆ ಬಿಗಿಯಾಗಿ ಜಾರುವಷ್ಟು ದಪ್ಪಕ್ಕೆ ಹೆರೆದುಕೊಂಡರೆ, ಪೈಪನ್ನು ಮೇಲೆ ಕೆಳಗೆ ಎಳೆದು ಎತ್ತರ ಹೊಂದಿಸಬಹುದು. ಬಿದಿರಿನ ಮೇಲೆ ಬ್ಲೇಡಿನಿಂದ ಮೂರು ಗೀರು ಹಾಕಿದರೆ ಮೂರು ಕೋಲಿಗೆ ಮೂರು ಗುರುತು. ಚಾಪೆಯ ಮೇಲಾದರೆ ಗೂಟವನ್ನು ಒಂದು ಹಲಗೆಯ ತೂತಿಗೆ ಬಡಿದು, ಹಲಗೆಯನ್ನು ಚಾಪೆಯ ಕೆಳಗೆ ಸೇರಿಸಿ. ಪೈಪಿಗೆ ದಾರ ಕಟ್ಟಿಡಿ, ಇಲ್ಲದಿದ್ದರೆ ಚೆಂಡಿನ ಹಿಂದೆ ಅದೂ ಹೊರಟುಬಿಡುತ್ತದೆ.

ಮರದ ಗೂಟ, ಮೇಲೆ ಕೊಳವೆ: ಇದು ಹೆಚ್ಚುಕಡಿಮೆ ಡಾ. ಗ್ರಾಂಟ್‌ ಅವರ 638,920ನೇ ಪೇಟೆಂಟೇ. ಅಮೆರಿಕದಲ್ಲಿ ಆಗ ಪೇಟೆಂಟಿನ ಅವಧಿ 17 ವರ್ಷ. 1916ಕ್ಕೇ ಅದು ಮುಗಿದಿದೆ, ಯಾರ ಅಪ್ಪಣೆಯೂ ಬೇಡ. ಮುಂದೆಂದಾದರೂ ಇದನ್ನೇ ಜೇಬಿಗೆ ಹಾಕಿಕೊಂಡು ಪಂದ್ಯಕ್ಕೆ ಹೊರಟರೆ ಮೊದಲು ಎರಡು ಕೆಲಸ ಮಾಡಿ: ಗೂಟ, ಪೈಪು ಪೂರ್ತಿ ಎಳೆದಾಗ ಒಟ್ಟು ಉದ್ದ ನಾಲ್ಕು ಇಂಚು ದಾಟಿಲ್ಲವೇ ಎಂದು ಅಳೆದು ನೋಡಿ. ಆಮೇಲೆ, ಪೈಪಿನ ಮೇಲೆ ಕಂಪನಿಯವರು ನೀರು ಹರಿಯುವ ದಿಕ್ಕಿಗೆ ಬಾಣದ ಗುರುತೇನಾದರೂ ಒತ್ತಿದ್ದರೆ, ಅದನ್ನು ಉಜ್ಜಿ ಅಳಿಸಿ.